ಕಾಡಿನ ನಡುವೆ ಉಳಿದ ಬಯಲು

ಅಮೆರಿಕದ ಟೆನೆಸೀ ರಾಜ್ಯದ ಪೂರ್ವದಂಚಿನಲ್ಲಿ, ಸ್ಮೋಕಿ ಪರ್ವತಗಳ ಮಧ್ಯೆ, ಕೇಡ್ಸ್ ಕೋವ್ ಎಂಬ ಕಣಿವೆಯುಂಟು. ಸುತ್ತಲೂ ದಟ್ಟವಾದ ಕಾಡು. ನಡುವೆ ವಿಶಾಲವಾದ ಹುಲ್ಲುಬಯಲು. ಮರದ ದಿಮ್ಮಿಗಳ ಮನೆಗಳು, ಮೂರು ಇಗರ್ಜಿಗಳು, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಅಲ್ಲಿವೆ; ಒಕ್ಕಲಿರುವವರು ಮಾತ್ರ ಇಲ್ಲ. ಬೆಟ್ಟಗಳ ನಡುವೆ ಈ ಬಯಲು ಬಂದುದೆಂತು? ಊರು ಬರಿದಾದುದೇಕೆ?

ಮೊದಲನೆಯ ಪ್ರಶ್ನೆಗೆ ಉತ್ತರ ನೆಲದಡಿಯಲ್ಲಿದೆ. ಸಾಮಾನ್ಯವಾಗಿ ಹಳೆಯ ಶಿಲೆಗಳು ಕೆಳಗೂ ಹೊಸವು ಮೇಲೂ ಇರುತ್ತವೆ. ಇಲ್ಲಿ ಈ ಕ್ರಮ ತಲೆಕೆಳಗಾಗಿದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಆಫ್ರಿಕ ಮತ್ತು ಉತ್ತರ ಅಮೆರಿಕ ಖಂಡಗಳು ಒಂದನ್ನೊಂದು ಒತ್ತಿದಾಗ, ಹಳೆಯ ಶಿಲೆಗಳ ಭಾರಿ ಪದರವೊಂದು ಸರಿದುಬಂದು ಹೊಸ ಸುಣ್ಣಕಲ್ಲಿನ ಮೇಲೆ ಕುಳಿತಿತು. ಬಳಿಕ ಮಳೆನೀರೂ ತೊರೆಗಳೂ ಆ ಹೊದಿಕೆಯನ್ನು ಸವೆಸುತ್ತ ಬಂದು ಒಂದೆಡೆ ತೂತುಮಾಡಿದುವು; ಅಡಿಯ ಸುಣ್ಣಕಲ್ಲು ಬಯಲಿಗೆ ಬಂದಿತು. ಭೂವಿಜ್ಞಾನಿಗಳು ಇಂತಹ ತೆರಪನ್ನು 'ಕಿಟಕಿ' ಎಂದೇ ಕರೆಯುತ್ತಾರೆ. ಗಾಳಿಯ ಇಂಗಾಲಾಮ್ಲವನ್ನು ಹೀರಿದ ಮಳೆನೀರಿನಲ್ಲಿ ಸುಣ್ಣಕಲ್ಲು ಮೆಲ್ಲಮೆಲ್ಲನೆ ಕರಗುವುದರಿಂದ ಕಣಿವೆಯ ತಳ ಸಮತಟ್ಟಾಯಿತು, ಮಣ್ಣು ಫಲವತ್ತಾಯಿತು.

ಆ ಮಣ್ಣೇ ಜನರನ್ನು ಕರೆತಂದಿತು. ಚೆರೋಕೀ ಜನರು ಇಲ್ಲಿ ಬೇಟೆಯಾಡುತ್ತಿದ್ದರು. 1819ರ ಒಪ್ಪಂದದಿಂದ ಅವರ ಹಕ್ಕು ಹೋಯಿತು. ಬಿಳಿಯ ರೈತರು ಬಂದು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1850ರ ವೇಳೆಗೆ ಊರಿನಲ್ಲಿ ಆರುನೂರಕ್ಕೂ ಮಿಕ್ಕಿ ಜನರಿದ್ದರು. ಮುಂದೆ ಅವರ ಸಂತತಿಗೂ ಅದೇ ಗತಿ ಒದಗಿತು. ಪರ್ವತಗಳನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲು 1920ರ ದಶಕದಲ್ಲಿ ಸರ್ಕಾರ ಜಮೀನುಗಳನ್ನು ಕೊಳ್ಳತೊಡಗಿತು. ಜಾನ್ ಆಲಿವರ್ ಎಂಬ ರೈತ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ ಸೋತನು. 1934ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಕೆಲವರಿಗೆ ಗುತ್ತಿಗೆಯ ಮೇಲೆ ಉಳಿಯಲು ಅವಕಾಶ ದೊರೆಯಿತು. ಕೊನೆಯ ನಿವಾಸಿ ತೀರಿಕೊಂಡುದು 1999ರಲ್ಲಿ.

ಇನ್ನೊಂದು ವಿಷಯವನ್ನು ನಾವು ಗಮನಿಸಬೇಕು. ಉತ್ತು ಬಿಟ್ಟ ಹೊಲ ಹೊಲವಾಗಿಯೇ ಉಳಿಯುವುದಿಲ್ಲ. ಮೊದಲು ಕಳೆ, ಆಮೇಲೆ ಪೊದೆ, ಅನಂತರ ಗಾಳಿ ತಂದ ಬೀಜಗಳಿಂದ ಪೈನ್ ಮುಂತಾದ ಮರಗಳು. ಕೆಲವು ದಶಕಗಳಲ್ಲಿ ಹೊಲವಿದ್ದೆಡೆ ಕಾಡು! ಆದುದರಿಂದ ಈ ಬಯಲನ್ನು ಉಳಿಸಲು ಉದ್ಯಾನದವರು ಹುಲ್ಲು ಕೊಯ್ಯಿಸುತ್ತಾರೆ, ಕೆಲವೆಡೆ ಬೆಂಕಿಯಿಟ್ಟು ಸುಡಿಸುತ್ತಾರೆ. ನಾವು ಪ್ರಕೃತಿಯೆಂದು ಮೆಚ್ಚಿ ನೋಡುವ ಆ ನೋಟ ದುಡಿಮೆಯ ಫಲ. ಹಿಂದೆ ರೈತನು ಅನ್ನಕ್ಕಾಗಿ ಮಾಡಿದ ಕೆಲಸವನ್ನೇ, ಅವನನ್ನು ಹೊರಡಿಸಿದ ಮೇಲೆ, ಇಂದು ನೋಡಬಂದವರಿಗಾಗಿ ಸಂಬಳ ಕೊಟ್ಟು ಮಾಡಿಸಬೇಕಾಗಿದೆ. ಕಾಡನ್ನು ಕಾಯಬೇಕು, ನಿಜ. ಆದರೆ ಯಾವ ನೆಲವನ್ನು ಯಾರ ಕೈ ರೂಪಿಸಿತು ಎಂಬುದನ್ನು ಕಾಯುವ ಮೊದಲೇ ವಿಚಾರಿಸುವುದು ಒಳ್ಳೆಯದಲ್ಲವೆ?