ಪಿಸುಮಾತಿಗೆ ಇಳಿದ ಹಾಡು

ಚೆನ್ನೈನ ಒಂದು ಫ್ಲ್ಯಾಟು, ರಾತ್ರಿ ಹೊತ್ತು. ಶಾಲೆಯಲ್ಲಿ ಜೊತೆಗೆ ಓದಿ, ಅಗಲಿ, 22 ವರ್ಷಗಳ ನಂತರ ಮತ್ತೆ ಸಿಕ್ಕ ಇಬ್ಬರು. ಕರೆಂಟು ಹೋಗುತ್ತದೆ. ಆ ಕತ್ತಲೆಯಲ್ಲಿ ಅವಳು ಹಾಡತೊಡಗುತ್ತಾಳೆ. ತಬಲಾ ಇಲ್ಲ, ಪಿಟೀಲು ಇಲ್ಲ. ಹುಡುಗನಾಗಿದ್ದಾಗಿನಿಂದ ಅವನು ಅವಳ ಬಾಯಲ್ಲಿ ಕೇಳಬೇಕೆಂದು ಕಾದಿದ್ದ ಹಾಡು ಅದು.

2018ರ ತಮಿಳು ಚಿತ್ರ ‘96’ರ ಈ ದೃಶ್ಯ ಭಾಷೆ ತಿಳಿಯದವರನ್ನೂ ಹಿಡಿದು ಕೂರಿಸುತ್ತದೆ. ಅವಳು ಹಾಡುವುದು 1991ರ ‘ದಳಪತಿ’ ಚಿತ್ರಕ್ಕೆ ಇಳಯರಾಜ ಸಂಗೀತ ಕೊಟ್ಟ, ವಾಲಿ ಬರೆದ ಗೀತೆ. ನಾಯಕಿಯ ಹೆಸರು ಜಾನಕಿ, ಗಾಯಕಿ ಎಸ್. ಜಾನಕಿ ತಟ್ಟನೆ ನೆನಪಾಗುತ್ತಾರೆ. ತಮಿಳು ಪ್ರೇಮಗೀತೆ ಹೀಗೆ ಕಿವಿಯ ಪಕ್ಕಕ್ಕೆ ಬಂದು ಕೂತು ಪಿಸುಗುಟ್ಟುವುದನ್ನು ಕಲಿಯಲು ಏಳು ದಶಕಗಳೇ ಹಿಡಿದವು.

ಮೊದಲು ಅದು ಪಿಸುಮಾತಾಗಿರಲಿಲ್ಲ. 1931ರಲ್ಲಿ ಬಂದ ‘ಕಾಳಿದಾಸ್’ ತಮಿಳಿನ ಮೊದಲ ವಾಕ್ಚಿತ್ರ. ಅದರಲ್ಲಿ ಸುಮಾರು 50 ಹಾಡುಗಳಿದ್ದವು. ಆಗ ನಟರು ಬರುತ್ತಿದ್ದದ್ದು ನಾಟಕ ಕಂಪನಿಗಳಿಂದ. ಮೈಕಿಲ್ಲದ ರಂಗದಲ್ಲಿ ಕೊನೆಯ ಸಾಲಿನವನಿಗೂ ಮುಟ್ಟುವಂತೆ ಹಾಡಿ ಪಳಗಿದ ಕಂಠಗಳು ಅವು. ಎಂ.ಕೆ. ತ್ಯಾಗರಾಜ ಭಾಗವತರ್ ಅವರಲ್ಲಿ ಅಗ್ರಗಣ್ಯರು. 1944ರ ದೀಪಾವಳಿಗೆ ತೆರೆಕಂಡ ಅವರ ‘ಹರಿದಾಸ್’ ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು. ಅದರಲ್ಲಿ ಚಾರುಕೇಶಿ ರಾಗದ ಮನ್ಮಥನ ಹಾಡನ್ನು ಅವರು ಏರು ಶ್ರುತಿಯಲ್ಲಿ, ಕಛೇರಿಯ ಠೀವಿಯಲ್ಲಿ ಹಾಡುತ್ತಾರೆ. ಪ್ರೇಮದ ಹಾಡಾದರೂ ಅದು ಇಡೀ ಸಭೆಗೆ ಕೇಳಲೆಂದೇ ಹಾಡಿದ್ದು.

ಹಿನ್ನೆಲೆ ಗಾಯನ ಬೇರೂರಿದ ಮೇಲೆ ನಟನೇ ಹಾಡಬೇಕೆಂಬ ಕಟ್ಟು ಸಡಿಲಿತು. ಮೈಕಿನ ಮುಂದೆ ಕೂಗಬೇಕಾಗಿರಲಿಲ್ಲ. ಎ.ಎಂ. ರಾಜಾ ಅವರ ದನಿ ಇದಕ್ಕೆಂದೇ ಹುಟ್ಟಿದಂತಿತ್ತು: ತೆಳು, ನಯ, ಒಂದಿಷ್ಟು ಸಂಕೋಚ. ಸಿ.ವಿ. ಶ್ರೀಧರ್ ನಿರ್ದೇಶನಕ್ಕೆ ಕಾಲಿಟ್ಟ 1959ರ ‘ಕಲ್ಯಾಣ ಪರಿಸು’ ಚಿತ್ರಕ್ಕೆ ಸಂಗೀತವನ್ನೂ ರಾಜಾ ಅವರೇ ಕೊಟ್ಟರು. ಪಟ್ಟುಕ್ಕೋಟ್ಟೈ ಕಲ್ಯಾಣಸುಂದರಂ ಅದಕ್ಕೆ ಹಾಡು ಬರೆದರು. ಪುರಾಣ, ರಾಜರ ಕಥೆಗಳ ಗದ್ದಲದಿಂದ ಹೊರಬಂದು ಅಕ್ಕಪಕ್ಕದ ಮನೆಯ ಹುಡುಗ, ಹುಡುಗಿ ಪ್ರೀತಿಸುವ ಕಥೆಗೆ ಆ ಮೆಲುದನಿಯೇ ತಕ್ಕದ್ದಾಗಿತ್ತು.

ಆ ಚಿತ್ರದ ನಾಯಕಿ ಬೆಂಗಳೂರಿನ ಬಿ. ಸರೋಜಾದೇವಿ. ಕನ್ನಡದ ‘ಮಹಾಕವಿ ಕಾಳಿದಾಸ’ದಿಂದ ಚಿತ್ರರಂಗಕ್ಕೆ ಬಂದ ಅವರನ್ನು ತಮಿಳರು ‘ಕನ್ನಡತ್ತು ಪೈಂಗಿಳಿ’ ಎಂದರು, ಕನ್ನಡ ನಾಡಿನ ಹಸಿರು ಗಿಣಿ ಎಂದು. ನಾಯಕ ಜೆಮಿನಿ ಗಣೇಶನ್‌ಗೆ ‘ಕಾದಲ್ ಮನ್ನನ್’, ಅಂದರೆ ಪ್ರೇಮದ ದೊರೆ ಎಂಬ ಬಿರುದು ಅಂಟಿತು. ಮುಂದೆ ಆ ದೊರೆಯ ಬಾಯಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. ಕನ್ನಡಿಗರಿಗೆ ಡಾ. ರಾಜ್‌ಕುಮಾರ್ ದನಿಯೆಂದೇ ಪರಿಚಿತವಾದ ಆ ಕಂಠ 1961ರ ‘ಪಾವ ಮನ್ನಿಪ್ಪು’ವಿನಲ್ಲಿ ಹಾಡುವುದನ್ನು ಕೇಳಿದರೆ ನಮ್ಮ ಮನೆಯವರೇ ಬೇರೆ ಭಾಷೆಯಲ್ಲಿ ಮಾತಾಡಿದಂತಿರುತ್ತದೆ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ಸಂಗೀತ, ಕಣ್ಣದಾಸನ್ ಅವರ ಮಾತು ಮತ್ತು ಈ ಬಗೆಯ ದನಿಗಳು ಕೂಡಿ ಅರವತ್ತರ ದಶಕದ ಪ್ರೇಮಗೀತೆಯನ್ನು ಇಬ್ಬರ ನಡುವಿನ ಸಂಭಾಷಣೆಯಾಗಿಸಿದವು.

ಮುಂದಿನ ತಿರುವಿಗೂ ಕನ್ನಡದ ನಂಟಿದೆ.

‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಪಣ್ಣೈಪುರಂ ಎಂಬ ಹಳ್ಳಿಯ ಯುವಕನೊಬ್ಬ ಸಹಾಯಕನಾಗಿದ್ದ, ಗಿಟಾರ್ ನುಡಿಸುತ್ತಿದ್ದ. 1976ರಲ್ಲಿ ‘ಅನ್ನಕ್ಕಿಳಿ’ ಬಂದಾಗ ಅವನ ಹೆಸರು ಇಳಯರಾಜ ಎಂದಾಯಿತು. ಪ್ರತಿ ವಾದ್ಯಕ್ಕೂ ಸ್ವರಲಿಪಿಯನ್ನು ತಾವೇ ಬರೆದುಕೊಡುವ ರೂಢಿ ಅವರದು. ಹೀಗಾಗಿ ಅವರ ಹಾಡಿನಲ್ಲಿ ಬೇಸ್ ಗಿಟಾರ್ ಬರೀ ತಾಳಕ್ಕೆ ಜೊತೆಯಾಗದೆ, ಕೆಳಸ್ಥಾಯಿಯಲ್ಲಿ ತನ್ನದೇ ಇನ್ನೊಂದು ರಾಗದೆಳೆ ಹಿಡಿದು ನಡೆಯುತ್ತದೆ. ಪಲ್ಲವಿ ಮುಗಿದು ಚರಣ ಬರುವ ಮುನ್ನ ಪಿಟೀಲುಗಳು ಬೇರೊಂದು ಊರಿಗೇ ಹೋಗಿ ಮರಳುತ್ತವೆ. ಹುಡುಗ, ಹುಡುಗಿ ಹೇಳಲಾರದೆ ಉಳಿಸಿಕೊಂಡದ್ದನ್ನು ಆ ಮಧ್ಯಂತರ ವಾದ್ಯಗಳು ಹೇಳಿಬಿಡುತ್ತವೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವರ ಗುನುಗು, ನಗು, ನಿಟ್ಟುಸಿರುಗಳಿಗೂ ಅಲ್ಲಿ ಸ್ವರದಷ್ಟೇ ಬೆಲೆ.

ಆ ರಾಗಗಳು ಗಡಿ ದಾಟಿದ್ದು ಎರಡೂ ದಿಕ್ಕಿಗೆ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡಿಗೆ ಇಳಯರಾಜ ಹಾಕಿದ ರಾಗ, ಮೂರು ವರ್ಷಗಳ ನಂತರ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಹೋಯಿತು. 2007ರಲ್ಲಿ ಹಿಂದಿಯ ‘ಚೀನಿ ಕಮ್’ನಲ್ಲಿ ಮತ್ತೆ ಕೇಳಿಸಿತು. ಮಣಿರತ್ನಂ ಅವರ ಮೊದಲ ಚಿತ್ರವೂ ಕನ್ನಡದ್ದೇ: 1983ರ ‘ಪಲ್ಲವಿ ಅನುಪಲ್ಲವಿ’, ಸಂಗೀತ ಇಳಯರಾಜ ಅವರದು. ಮೂರು ವರ್ಷ ಬಿಟ್ಟು ಅದೇ ಇಬ್ಬರು ತಮಿಳಿನಲ್ಲಿ ‘ಮೌನ ರಾಗಂ’ ಮಾಡಿದರು.

ಅದೇ ಮಣಿರತ್ನಂ 1992ರ ‘ರೋಜಾ’ಕ್ಕೆ ಎ.ಆರ್. ರಹಮಾನ್ ಅವರನ್ನು ಕರೆತಂದರು. ಹಿಂದೆ ವಾದ್ಯವೃಂದ, ಗಾಯಕರು ಒಟ್ಟಿಗೆ ನಿಂತು ಹಾಡನ್ನು ಒಂದೇ ಓಟದಲ್ಲಿ ಮುಗಿಸಬೇಕಿತ್ತು. ಒಬ್ಬರು ತಪ್ಪಿದರೆ ಮೊದಲಿಂದ ಶುರು. ಕೋಡಂಬಾಕ್ಕಂನ ಮನೆಯಲ್ಲೇ ಕಟ್ಟಿಕೊಂಡ ಸ್ಟುಡಿಯೋದಲ್ಲಿ ರಹಮಾನ್ ಗಾಯಕರನ್ನು ಒಬ್ಬೊಬ್ಬರಾಗಿ, ಬಿಡುವಾಗಿ ಹಾಡಿಸಿದರು. ಗಾಯಕ ಉಸಿರೆಳೆದುಕೊಳ್ಳುವುದೂ ಕೇಳಿಸತೊಡಗಿತು. ಕರ್ನಾಟಕ ಸಂಗೀತದ ಉನ್ನಿಕೃಷ್ಣನ್ ‘ಕಾದಲನ್’, ‘ಪವಿತ್ರ’ ಚಿತ್ರಗಳಿಗೆ ಹಾಡಿದ ಗೀತೆಗಳಿಗೆ 1994ರ ರಾಷ್ಟ್ರಪ್ರಶಸ್ತಿ ಪಡೆದದ್ದು ಇಂಥ ಸಮೀಪದ ದನಿಯಿಂದಲೇ.

ಈ ಸಾಮೀಪ್ಯಕ್ಕೆ ತಮಿಳಿನಲ್ಲಿ ಎರಡು ಸಾವಿರ ವರ್ಷದಷ್ಟು ಹಳೆಯ ಬೇರಿದೆ. ಸಂಗಂ ಕಾವ್ಯದ ‘ಅಗಂ’ ಕವಿತೆಗಳು ಒಳಮನೆಯ ಕವಿತೆಗಳು. ಅಲ್ಲಿ ಪ್ರೇಮಿಗಳ ಹೆಸರು ಹೇಳುವಂತಿಲ್ಲ; ಅವಳು, ಅವನು, ಗೆಳತಿ, ತಾಯಿ ಅಷ್ಟೆ. ಬಹಳ ಸಲ ಮಾತಾಡುವವಳು ಹೆಣ್ಣೇ. ಮೈಸೂರಿನ ಎ.ಕೆ. ರಾಮಾನುಜನ್ 1967ರಲ್ಲಿ ಕುರುಂತೊಗೈ ಸಂಕಲನದ ಕವಿತೆಗಳನ್ನು ಇಂಗ್ಲಿಷಿಗೆ ತಂದು ಜಗತ್ತಿಗೇ ಪರಿಚಯಿಸಿದರು. ಅದೇ ಸಂಕಲನದ, ಕೆಂಪು ಮಣ್ಣಿಗೆ ಮಳೆ ಬೆರೆಯುವ ಚಿತ್ರವಿರುವ ಕವಿತೆಯ ಪದಗಳನ್ನು ವೈರಮುತ್ತು 1997ರ ‘ಇರುವರ್’ ಚಿತ್ರದ ಯುಗಳಗೀತೆಗೆ ಎತ್ತಿಕೊಂಡರು.

2001ರ ‘ಮಿನ್ನಲೇ’ಯಲ್ಲಿ ಆ ಹೆಣ್ಣೇ ಮತ್ತೆ ಮಾತಾಡಿದಳು. ಬರೆದವರು ಕವಯಿತ್ರಿ ತಾಮರೈ, ಸಂಗೀತ ಹ್ಯಾರಿಸ್ ಜಯರಾಜ್, ಹಾಡಿದವರು ಬಾಂಬೆ ಜಯಶ್ರೀ. ಒಬ್ಬ ಹೆಣ್ಣು ತನ್ನವನೊಂದಿಗಿನ ದಿನನಿತ್ಯದ ಸಣ್ಣಪುಟ್ಟ ಆಸೆಗಳನ್ನು ಹೇಳಿಕೊಳ್ಳುವ ಹಾಡು ಅದು. ಜಯಶ್ರೀ ಎಲ್ಲಿಯೂ ದನಿ ಎತ್ತುವುದಿಲ್ಲ. ತಮಿಳು ಪ್ರೇಮಗೀತೆಯ ಪಿಸುಮಾತು ಪೂರ್ಣವಾಗಿ ಪಳಗಿದ್ದು ಅಲ್ಲಿ.

ಈ ಭಾನುವಾರ ಬಿಡುವು ಮಾಡಿಕೊಂಡು ‘ಹರಿದಾಸ್’, ‘ಪಾವ ಮನ್ನಿಪ್ಪು’, ‘ಮೌನ ರಾಗಂ’, ‘ಮಿನ್ನಲೇ’ ಹಾಡುಗಳನ್ನು ಇದೇ ಕ್ರಮದಲ್ಲಿ ಕೇಳಿ. ತಮಿಳು ಬರಬೇಕಾಗಿಲ್ಲ. ಪ್ರತಿ ಹಾಡಿಗೂ ದನಿ ಒಂದೊಂದು ಹೆಜ್ಜೆ ಹತ್ತಿರ ಬರುವುದು ನಿಮಗೇ ಗೊತ್ತಾಗುತ್ತದೆ.