ಹಾಲಿಲ್ಲದ ಕೆನೆ: ಸಿಹಿಗುಂಬಳದ ಗೊಜ್ಜು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಸೀಮೆಯು ರೇಷ್ಮೆಗೂ ಹಾಲಿಗೂ ಹೆಸರಾದುದು. ಅಂಥ ಕಡೆಯ ಅಡಿಗೆಯಿಂದ ಹಾಲು, ಬೆಣ್ಣೆ ಯಾವುದೂ ಸೇರದ ಗೊಜ್ಜೊಂದನ್ನೇ ಆರಿಸಿಕೊಂಡಿರುವೆವೇಕೆಂದು ವಾಚಕರು ಕೇಳಬಹುದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಹಸುಳೆಗಳ ಕರುಳಿನಲ್ಲಿ ಯಥೇಚ್ಛವಾಗಿರುತ್ತದೆ. ಪ್ರಪಂಚದ ವಯಸ್ಕರಲ್ಲಿ ಹೆಚ್ಚಿನವರಿಗೆ ಅದು ಕುಗ್ಗಿಹೋಗುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರು ನಮ್ಮ ನಿಮ್ಮ ಮನೆಗಳಲ್ಲಿಯೂ ಇರುವರು. ಅವರ ತಟ್ಟೆಗೂ ಕೆನೆಯಂಥ ಗೊಜ್ಜು ಬೀಳಬೇಡವೆ?

ಅರ್ಧ ಕಿಲೋ ಸಿಹಿಗುಂಬಳ, 50 ಗ್ರಾಂ ಕಡಲೆಕಾಯಿ ಬೀಜ, ನಾಲ್ಕು ಒಣಮೆಣಸಿನಕಾಯಿ, ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಉಪ್ಪು, ಒಗ್ಗರಣೆಯ ಸಾಮಾನು, ಇಷ್ಟು ಸಾಕು. (ಬೂದುಗುಂಬಳವು ಏಷ್ಯದ ಹಳೆಯ ಬಳ್ಳಿ, ಆದರೆ ಸಿಹಿಗುಂಬಳ, ಕಡಲೆಕಾಯಿ, ಮೆಣಸಿನಕಾಯಿ ಮೂರೂ ಅಮೆರಿಕದಿಂದ ಬಂದವು. 1492ಕ್ಕೆ ಮುಂಚೆ ಈ ಗೊಜ್ಜನ್ನು ನಮ್ಮಲ್ಲಿ ಯಾರೂ ಉಂಡಿರಲಾರರು!) ಹಸಿಯ ಚೂರೊಂದನ್ನು ಮೊದಲು ನಾಲಗೆಗೆ ತಾಕಿಸಿ ನೋಡಬೇಕು. ಕಹಿಯಾಗಿದ್ದರೆ ಕಾಯನ್ನು ಎಸೆಯತಕ್ಕದ್ದು. ಕುಕುರ್ಬಿಟಾಸಿನ್ ಎಂಬ ಆ ಕಹಿವಸ್ತು ಹೊಟ್ಟೆಯನ್ನು ಕೆಡಿಸುವುದು, ಬೇಯಿಸಿದರೂ ಹೋಗದು.

ಹೋಳುಗಳನ್ನು ಸ್ವಲ್ಪವೇ ನೀರಿನಲ್ಲಿ ಬೇಯಿಸಿರಿ. ಹುಣಿಸೆಯ ರಸವನ್ನು ಈಗ ಹಾಕಕೂಡದು. ಒಮ್ಮೆ ನಾವು ಅವಸರಪಟ್ಟು ಮೊದಲೇ ಹಾಕಿದೆವು. ಎಷ್ಟು ಹೊತ್ತಾದರೂ ಹೋಳುಗಳು ಗಟ್ಟಿಯಾಗಿಯೇ ಉಳಿದುವು. ಸಸ್ಯಕೋಶಗಳ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತು ಪೆಕ್ಟಿನ್. ಅದು ಬಿಸಿನೀರಿನಲ್ಲಿ ಕರಗಿದರೆ ಕೋಶಗಳು ಬೇರ್ಪಟ್ಟು ಹೋಳು ಮೆತ್ತಗಾಗುತ್ತದೆ. ಹುಳಿಯಿದ್ದಾಗ ಈ ಕರಗುವಿಕೆ ನಿಧಾನವಾಗುತ್ತದೆ. ನಂಬದವರು ಎರಡು ಪಾತ್ರೆಗಳಲ್ಲಿ ಸಮಗಾತ್ರದ ಹೋಳುಗಳನ್ನಿಟ್ಟು, ಒಂದಕ್ಕೆ ಮಾತ್ರ ಹುಣಿಸೆ ಬೆರಸಿ, ಹತ್ತು ನಿಮಿಷ ಕುದಿಸಿ ಚಮಚದಿಂದ ಒತ್ತಿ ನೋಡಬಹುದು.

ಇನ್ನು ಕೆನೆಯ ಮಾತು. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲುಭಾಗ ಪ್ರೋಟೀನು. ಹುರಿದ ಬೀಜವನ್ನು ಮೆಣಸಿನಕಾಯಿಯೊಡನೆ ನೀರು ಬಿಟ್ಟು ನುಣ್ಣಗೆ ರುಬ್ಬಿದರೆ ಎಣ್ಣೆಯು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಪ್ರೋಟೀನು ಒಂದೊಂದು ಹನಿಯನ್ನೂ ಸುತ್ತುವರಿದು, ಅವು ಮತ್ತೆ ಕೂಡಿಕೊಳ್ಳದಂತೆ ತಡೆಯುತ್ತದೆ. ಹಾಲಿನ ರಚನೆಯೂ ಇದೇ ಅಲ್ಲವೆ? ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳು ಬೆಳಕನ್ನು ಚದರಿಸುವುದರಿಂದಲೇ ಅದು ಬೆಳ್ಳಗೆ ಕಾಣುವುದು. ಅಂದಮೇಲೆ ಒರಳಿನಲ್ಲಿ ನಾವು ಹಸುವಿಲ್ಲದೆ ಕೆನೆ ತೆಗೆದಂತಾಯಿತು.

ಬೂಸಲು ಹಿಡಿದ, ಸುಕ್ಕುಗಟ್ಟಿದ ಬೀಜಗಳನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಆರಿಸಿ ತೆಗೆಯಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಗಳು ಸತ್ತುವು. ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಸಲಿನ ವಿಷವೇ ಕಾರಣವೆಂದು ಬಳಿಕ ತಿಳಿಯಿತು. ಅಫ್ಲಟಾಕ್ಸಿನ್ ಎಂಬ ಆ ವಿಷವು ಯಕೃತ್ತಿಗೆ ಮಾರಕ. ಅಡಿಗೆಮನೆಯ ಕಾವಿಗೆ ಪೂರ್ತಿ ನಾಶವಾಗತಕ್ಕದ್ದಲ್ಲ. ಕಡಲೆಕಾಯಿ ಒಗ್ಗದ ಮನೆಯವರು ತೆಂಗಿನ ತುರಿಯನ್ನು ರುಬ್ಬಿಕೊಳ್ಳಲಿ.

ಬೆಂದ ಹೋಳನ್ನು ಮಸೆದು, ರುಬ್ಬಿದುದನ್ನೂ ಹುಣಿಸೆಯ ರಸವನ್ನೂ ಉಪ್ಪನ್ನೂ ಸೇರಿಸಿ ಐದು ನಿಮಿಷ ಕುದಿಸಿರಿ. ಕೊನೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಗೊಜ್ಜಿನ ಮೇಲೆ ನಿಂತ ಎಣ್ಣೆಯು ಹೊಂಬಣ್ಣಕ್ಕೆ ತಿರುಗುವುದನ್ನು ಗಮನಿಸಿದ್ದೀರಾ? ಕುಂಬಳದ ಕ್ಯಾರೋಟೀನು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ಅದು ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುತ್ತದೆ. ಆ ಜೀವಸತ್ತ್ವದ ಅಭಾವದಿಂದಲೇ ಇರುಳುಗುರುಡು ಬರುವುದು. ಎಣ್ಣೆಯಿಲ್ಲದ ಬರಿಯ ಬೆಂದ ಕುಂಬಳದಿಂದ ಕರುಳು ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. ಬಿಸಿ ರಾಗಿಮುದ್ದೆಯ ನಡುವೆ ಗುಳಿ ಮಾಡಿ ಗೊಜ್ಜನ್ನು ಬಡಿಸುವಾಗ ಆ ಹೊನ್ನೆಣ್ಣೆಯನ್ನು ಪಾತ್ರೆಯಲ್ಲಿ ಉಳಿಸಬೇಡಿರಿ.