ಜೇಬಿನ ಚಾಕು: ಹರಿತ ಇದ್ದರೆ ಸಾಲದು, ಶುಚಿಯೂ ಇರಬೇಕು

ಹೊಲಕ್ಕೆ ಹೊರಟಾಗ ಮೊಬೈಲ್ ಮರೆತರೆ ಅರ್ಧ ದಾರಿಯಿಂದ ವಾಪಸ್ ಬರ್ತೀವಿ. ಹಿಂದಿನವರು ಹಾಗೆ ವಾಪಸ್ ಬರ್ತಿದ್ದದ್ದು ಕತ್ತಿ, ಚಾಕುವಿಗೆ. ಮಲೆನಾಡಿನಲ್ಲಿ ಸೊಂಟದ ಕೊಕ್ಕೆಗೆ ಸಿಗಿಸಿದ ಕತ್ತಿ, ಬಯಲುಸೀಮೆಯಲ್ಲಿ ಎಲೆ-ಅಡಿಕೆ ಚೀಲದಲ್ಲಿ ಮಡಚುವ ಚಾಕು, ಕೊಡಗಿನಲ್ಲಿ ಹಬ್ಬ-ಮದುವೆಗೆ ಕುಪ್ಯದ ಮೇಲಿನ ಚೇಲೆಗೆ ಸಿಗಿಸುವ ಪೀಚೆಕತ್ತಿ. ಒಂದೊಂದು ಕಡೆ ಒಂದೊಂದು ರೂಪ.

ನಾನು ಈಗಲೂ ಮಡಚುವ ಚಾಕು ಇಲ್ಲದೆ ತೋಟಕ್ಕೆ ಇಳಿಯಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋಕೆ, ಡ್ರಿಪ್ ಪೈಪ್ ತುಂಡು ಮಾಡೋಕೆ, ಬಾಳೆ ಎಲೆ ಕೊಯ್ಯೋಕೆ, ಕಸಿ ಕಟ್ಟೋಕೆ ಅದು ಬೇಕು. ದನದ ಕುತ್ತಿಗೆಗೆ ಹಗ್ಗ ಬಿಗಿದುಕೊಂಡರೆ ಗಂಟು ಬಿಚ್ಚುತ್ತಾ ಕೂರುವಷ್ಟು ಸಮಯ ಇರಲ್ಲ, ಹಗ್ಗ ಕೊಯ್ದೇ ಬಿಡಿಸಬೇಕು. ಇಂಥ ಚಾಕುವಿನ ಬಗ್ಗೆ ಯಾರೂ ಅಷ್ಟಾಗಿ ಹೇಳದ ಒಂದು ವಿಷಯ ಇದೆ: ಗಿಡದಿಂದ ಗಿಡಕ್ಕೆ ರೋಗವನ್ನು ಹೊತ್ತುಕೊಂಡು ಹೋಗೋದರಲ್ಲೂ ಅದು ಅಷ್ಟೇ ಚುರುಕು.

ಅಲಗಿನ ಮೇಲೆ ಏನು ಹೋಗುತ್ತೆ?

ಗಿಡವನ್ನು ಕೊಯ್ದಾಗ ಅದರ ರಸ ಅಲಗಿಗೆ ಮೆತ್ತಿಕೊಳ್ಳುತ್ತೆ. ಗಿಡಕ್ಕೆ ಬ್ಯಾಕ್ಟೀರಿಯಾ ಅಥವಾ ವೈರಸ್ ರೋಗ ಇದ್ದರೆ ಆ ರಸದಲ್ಲೂ ಅದು ಇರುತ್ತೆ. ಅದೇ ಅಲಗಿನಿಂದ ಪಕ್ಕದ ಗಿಡ ಕೊಯ್ದಾಗ, ಹಸಿ ಗಾಯದ ಒಳಕ್ಕೇ ರೋಗವನ್ನು ಇಟ್ಟ ಹಾಗೆ.

ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ಏನು ಅಂತ ಹೇಳಬೇಕಾಗಿಲ್ಲ. ಎಲೆ, ಕಾಂಡ, ಕಾಯಿ ಮೇಲೆ ಕಪ್ಪು ಚುಕ್ಕೆ ಬಿದ್ದು ಕಾಯಿ ಸೀಳುತ್ತೆ. ಮಳೆ ಹನಿಯ ಜೊತೆ, ರೋಗವಿರುವ ಸಸಿಯ ಜೊತೆ ಹರಡುವ ಹಾಗೆಯೇ ಚಾಟ್ನಿ ಮಾಡುವ ಕತ್ತರಿ, ಚಾಕುವಿನಿಂದಲೂ ಅದು ಹರಡುತ್ತೆ. ಕಬ್ಬಿನಲ್ಲಿ ಕೂಳೆ ಬೆಳೆಯನ್ನು ಕುಗ್ಗಿಸುವ ಒಂದು ಬ್ಯಾಕ್ಟೀರಿಯಾ ರೋಗ ಇದೆ. ಹೊರಗಡೆ ಎದ್ದು ಕಾಣುವ ಲಕ್ಷಣವೇ ಇರಲ್ಲ, ಇಳುವರಿ ಮಾತ್ರ ಇಳಿಯುತ್ತಾ ಹೋಗುತ್ತೆ. ಅದು ಹರಡುವ ಮುಖ್ಯ ದಾರಿಗಳೆಂದರೆ ರೋಗದ ಬಿತ್ತನೆ ತುಂಡು ಮತ್ತು ಕಬ್ಬು ಕಡಿಯುವ ಕತ್ತಿ. ಬಿತ್ತನೆಗೆ ಆಲೂಗಡ್ಡೆ, ಶುಂಠಿ ತುಂಡು ಮಾಡುವಾಗಲೂ ಇದೇ ಕಥೆ. ಕೊಳೆತ ಒಂದು ಗಡ್ಡೆ ಕೊಯ್ದು ಚಾಕು ಒರೆಸದೆ ಮುಂದಿನದಕ್ಕೆ ಹೋದರೆ ಬಿತ್ತನೆಯ ಜೊತೆ ರೋಗವನ್ನೂ ಬಿತ್ತಿದಂತೆ.

ರೋಗ ಪತ್ತೆಗೂ ಅದೇ ಚಾಕು

ಟೊಮೆಟೊ, ಬದನೆ ಗಿಡ ಎಲೆ ಹಸಿರಾಗಿರುವಾಗಲೇ ದಿಢೀರ್ ಅಂತ ಬಾಡಿದರೆ, ಔಷಧ ಅಂಗಡಿಗೆ ಓಡುವ ಮೊದಲು ಐದು ನಿಮಿಷ ಈ ಪರೀಕ್ಷೆ ಮಾಡಿ. ಬುಡದ ಹತ್ತಿರ ಎರಡು ಇಂಚು ಕಾಂಡವನ್ನು ನೇರವಾಗಿ ಕೊಯ್ದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕೊಯ್ದ ತುದಿ ನೀರಿಗೆ ತಾಗುವಂತೆ ತುಂಡನ್ನು ಅಲುಗಾಡದ ಹಾಗೆ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಹಿಂದೆ ಕಪ್ಪು ಬಟ್ಟೆ ಹಿಡಿದರೆ ಎಳೆ ಚೆನ್ನಾಗಿ ಕಾಣುತ್ತೆ. ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸೋಕೂ ಆಗುತ್ತೆ.

ಇದರಿಂದ ಏನು ಲಾಭ? ಬ್ಯಾಕ್ಟೀರಿಯಾ ಸೊರಗಿಗೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ಮಣ್ಣುಪಾಲು. ಆ ಗಿಡವನ್ನು ಬೇರು, ಬುಡದ ಮಣ್ಣಿನ ಸಮೇತ ಕಿತ್ತು ಹೊಲದಿಂದ ಹೊರಗೆ ಹಾಕಬೇಕು. ಅಲ್ಲಿಂದ ನೀರು ಮುಂದಿನ ಸಾಲಿಗೆ ಹರಿಯದಂತೆ ನೋಡಿಕೊಳ್ಳಬೇಕು. ಮುಂದಿನ ಬೆಳೆಗೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬಿಟ್ಟು ರಾಗಿ, ಜೋಳದಂಥದ್ದು ಹಾಕಬೇಕು. ಪರೀಕ್ಷೆ ಮಾಡಿದ ಲೋಟದ ನೀರನ್ನು ಹೊಲಕ್ಕೆ ಚೆಲ್ಲಬೇಡಿ. ಚಾಕುವನ್ನು ಹಾಗೇ ಮಡಚಿ ಜೇಬಿಗೆ ಹಾಕಲೂ ಬೇಡಿ.

ಶುಚಿ ಮಾಡೋದು ಹೇಗೆ?

ಮೊದಲು ಮಣ್ಣು, ಅಂಟು, ರಸ ಎಲ್ಲಾ ಒರೆಸಿ. ಕೊಳೆ ಇದ್ದರೆ ಯಾವ ದ್ರಾವಣವೂ ಸರಿಯಾಗಿ ಕೆಲಸ ಮಾಡಲ್ಲ. ಆಮೇಲೆ ಎರಡು ದಾರಿ ಇವೆ.

ಒಂದು, ಸ್ಪಿರಿಟ್. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್ ಅಥವಾ 70% ಆಲ್ಕೋಹಾಲ್ ಇರುವ ಸ್ಯಾನಿಟೈಜರ್ ಹಚ್ಚಿ, ಅರ್ಧದಿಂದ ಒಂದು ನಿಮಿಷ ಒದ್ದೆಯಾಗಿಯೇ ಬಿಡಿ. ಅಲಗು ತುಕ್ಕು ಹಿಡಿಯಲ್ಲ, ಜೇಬಿಗೂ ಹಗುರ. ಬೆಂಕಿ, ಬೀಡಿ ಹತ್ತಿರ ಮಾತ್ರ ಬೇಡ.

ಎರಡು, ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ. ಬಾಟಲಿ ಮೇಲೆ 4% ಅಂತ ಇದ್ದರೆ, ಒಂದು ಲೋಟ ದ್ರಾವಣಕ್ಕೆ ಮೂರು ಲೋಟ ನೀರು ಸೇರಿಸಿದರೆ 1% ಆಗುತ್ತೆ. ದಿನಾ ಹೊಸದಾಗಿ ಮಾಡಿಕೊಳ್ಳಿ, ಹಳೆಯದಕ್ಕೆ ಶಕ್ತಿ ಇರಲ್ಲ. ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಾನಿಲ ಬರುತ್ತೆ. ಬ್ಲೀಚ್ ಕಬ್ಬಿಣವನ್ನು ತಿನ್ನುತ್ತೆ, ಹಾಗಾಗಿ ಕೆಲಸ ಮುಗಿದ ಮೇಲೆ ನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಸವರಿ.

ಚಾಟ್ನಿ ಸಮಯದಲ್ಲಿ ನಾನು ಎರಡು ಚಾಕು ಇಟ್ಟುಕೊಳ್ತೀನಿ. ಒಂದು ದ್ರಾವಣದಲ್ಲಿ, ಇನ್ನೊಂದು ಕೈಯಲ್ಲಿ. ಗಿಡ ಬದಲಾದಾಗ ಚಾಕುವೂ ಬದಲು. ಕೆಲಸ ನಿಲ್ಲಲ್ಲ. ಕೂಲಿಯವರನ್ನು ಕರೆದಿದ್ದರೆ ಅವರ ಕತ್ತಿಗಳೂ ಮೊದಲು ಬಕೆಟ್ಟಿಗೆ ಇಳಿದೇ ಬರಲಿ. ನಿನ್ನೆ ಅವು ಯಾರ ತೋಟದಲ್ಲಿದ್ದವೋ ನಮಗೆ ಗೊತ್ತಿರಲ್ಲ.

ಅಲಗನ್ನು ಬೆಂಕಿಗೆ ಹಿಡಿದು ಶುಚಿ ಮಾಡುವವರೂ ಇದ್ದಾರೆ. ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಕಮ್ಮಾರರು ಕೊಟ್ಟ ಹದ ಹೋಯ್ತು ಅಂತಲೇ ಅರ್ಥ. ಆಮೇಲೆ ಎಷ್ಟು ಮಸೆದರೂ ಮೊನಚು ನಿಲ್ಲಲ್ಲ.

ವಿಷದ ಚಾಕು ಬೇರೆ, ತಿನ್ನುವ ಚಾಕು ಬೇರೆ

ಕೀಟನಾಶಕದ ಪ್ಯಾಕೆಟ್ ಕತ್ತರಿಸಿದ ಚಾಕುವಿನಿಂದಲೇ ಮಧ್ಯಾಹ್ನ ರೊಟ್ಟಿಗೆ ಈರುಳ್ಳಿ ಹೆಚ್ಚೋದು, ಸೀಬೆಕಾಯಿ ಕೊಯ್ಯೋದು ಹೊಲದಲ್ಲಿ ನಡೆಯುವಂಥದ್ದೇ. ಪ್ಯಾಂಟಿಗೆ ಒರೆಸಿದರೆ ವಿಷ ಹೋಗಲ್ಲ. ಮಡಚುವ ಚಾಕುವಿನ ಕೀಲಿನ ಸಂದಿಯೊಳಗೆ ಪುಡಿ ಸೇರಿಕೊಂಡು ಉಳಿಯುತ್ತೆ. ಪ್ಯಾಕೆಟ್ ಕತ್ತರಿಸೋಕೆ ಒಂದು ಹಳೆ ಬ್ಲೇಡೋ ಕತ್ತರಿಯೋ ಸ್ಪ್ರೇಯರ್ ಜೊತೆಗೇ ಇರಲಿ, ಅದು ಅಲ್ಲಿಂದ ಆಚೆ ಬರೋದು ಬೇಡ.

ಯಾವ ಚಾಕು, ಹೇಗೆ ಮಸೆಯೋದು?

ಲಾರಿ ಕಮಾನಿನ ಪಟ್ಟಿಯಿಂದ ಕಮ್ಮಾರರು ಮಾಡಿಕೊಡುವ ಅಲಗು ಬೇಗ ಹರಿತವಾಗುತ್ತೆ, ಆದರೆ ತುಕ್ಕು ಹಿಡಿಯುತ್ತೆ. ಗೇರುಹಣ್ಣು, ಹುಣಸೆ, ಮಾವಿನ ಸೊನೆ ತಾಗಿದರೆ ಕಪ್ಪಾಗುತ್ತೆ. ಸ್ಟೀಲ್ ಅಲಗಿಗೆ ಆ ಕಾಟ ಕಡಿಮೆ. ಆನ್‌ಲೈನಲ್ಲಿ ಕಾಣುವ ಮಿರಿಮಿರಿ ಚಾಕುಗಳಿಗೆ ಮರುಳಾಗಬೇಡಿ. ಅಂಗೈಗೆ ಹೊಂದುವ ಹಿಡಿ, ಮೂರು ಇಂಚಿನ ಅಲಗು, ಬಿಚ್ಚಿದಾಗ ಲಾಕ್ ಆಗುವ ಕೀಲು, ಇಷ್ಟಿದ್ದರೆ ಸಾಕು. ಲಾಕ್ ಇಲ್ಲದ ಚಾಕುವಿನ ತುದಿಯಿಂದ ಚುಚ್ಚೋಕೆ ಹೋದರೆ ಅಲಗು ಮಡಚಿಕೊಂಡು ಬೆರಳಿನ ಮೇಲೇ ಬೀಳುತ್ತೆ.

ಮೊಂಡು ಚಾಕು ಗಿಡವನ್ನು ಕೊಯ್ಯಲ್ಲ, ಜಜ್ಜುತ್ತೆ. ಜಜ್ಜಿದ ಗಾಯ ಮಾಯೋದು ತಡ, ಕಸಿ ಕೂಡೋದೂ ಕಷ್ಟ. ಮಸೆಯುವ ಕಲ್ಲಿನ ಮೇಲೆ ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಅಳತೆ ಸುಲಭ: ಕಾಗದದ ಮೂಲೆಯನ್ನು ಒಮ್ಮೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22. ಆ ಓರೆ ನೋಡಿಕೊಂಡು, ಕಲ್ಲಿಗೆ ನೀರು ಹಾಕಿ, ಎರಡೂ ಕಡೆ ಸಮವಾಗಿ ಉಜ್ಜಿ. ಒಂದೇ ಕಡೆ ಇಳಿಜಾರು ಇರುವ ಕಸಿ ಚಾಕುವಾದರೆ ಆ ಇಳಿಜಾರಿನ ಕಡೆ ಮಾತ್ರ ಮಸೆಯಬೇಕು, ಚಪ್ಪಟೆ ಕಡೆ ಚಪ್ಪಟೆಯಾಗಿಯೇ ಉಳಿಯಬೇಕು.

ಜೇಬಿನಲ್ಲಿರುವಾಗ

ಹಿಡಿಗೆ ಕೆಂಪು ದಾರ ಕಟ್ಟಿ, ಹುಲ್ಲಿನಲ್ಲಿ ಬಿದ್ದರೆ ಕಣ್ಣಿಗೆ ಬೀಳುತ್ತೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತೆ ಅಂತ ಹಿರಿಯರು ಹೇಳ್ತಾರಲ್ಲ, ಜಗಳ ಬರುತ್ತೋ ಇಲ್ಲವೋ, ಕೆಳಗಿಟ್ಟರೆ ಬೆರಳಂತೂ ಉಳಿಯುತ್ತೆ.

ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಕೇವಲ ಮನೆ ಮತ್ತು ಕೃಷಿ ಬಳಕೆಗೆಂದೇ ಮಾಡಿದ ವಸ್ತುಗಳನ್ನು ಆಯುಧ ಅಂತ ಲೆಕ್ಕ ಹಾಕಲ್ಲ. ಹಾಗಂತ ಜಾತ್ರೆ, ಚುನಾವಣೆ, ನಿಷೇಧಾಜ್ಞೆ ಇರುವ ಪೇಟೆಗೆ ಚಾಕು ಒಯ್ಯಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡಲ್ಲ. ಹೊಲದ ಚಾಕು ಹೊಲದಲ್ಲೇ ಚೆಂದ.

ಕೈ ಕೊಯ್ದುಕೊಂಡರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ರಕ್ತ ನಿಂತ ಮೇಲೆ ಸೋಪು ನೀರಲ್ಲಿ ತೊಳೆಯಿರಿ. ಕಾಫಿಪುಡಿ, ಮಣ್ಣು ಹಾಕಬೇಡಿ. ಧನುರ್ವಾಯು ಬರೋದು ತುಕ್ಕಿನಿಂದಲ್ಲ, ಮಣ್ಣು-ಸಗಣಿಯಲ್ಲಿರುವ ಬ್ಯಾಕ್ಟೀರಿಯಾದಿಂದ. ಹೊಲದ ಗಾಯ ಅಂದಮೇಲೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಬೇಕಾ ಅಂತ ಕೇಳಿ. ಇನ್ನೊಂದು ಮಾತು: ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ದು ವಿಷ ತೆಗೀತೀವಿ ಅನ್ನೋದು ಶುದ್ಧ ತಪ್ಪು. ವಿಷ ಹೊರಗೆ ಬರಲ್ಲ, ರಕ್ತ ಮಾತ್ರ ನಿಲ್ಲದೆ ಹೋಗಬಹುದು. ಕೈಕಾಲು ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗಿಸಿ.

ಆಯುಧಪೂಜೆ ದಿನ ಚಾಕುವನ್ನು ತೊಳೆದು ಕುಂಕುಮ ಇಡ್ತೀವಿ. ಆ ತೊಳೆಯುವ ಕೆಲಸ ವರ್ಷಕ್ಕೊಮ್ಮೆಯ ಬದಲು ಗಿಡಕ್ಕೊಮ್ಮೆ ಆಗಲಿ. ಈ ವಾರ ಪೇಟೆಗೆ ಹೋದಾಗ 100 ಮಿಲಿಲೀಟರ್ ಸ್ಪಿರಿಟ್ ತನ್ನಿ, ಒಂದು ಹತ್ತಿ ಬಟ್ಟೆ ತುಂಡಿನ ಜೊತೆ ಊಟದ ಚೀಲದಲ್ಲಿಡಿ. ಮುಂದಿನ ಚಾಟ್ನಿಯನ್ನು ಅಲ್ಲಿಂದ ಶುರು ಮಾಡಿ.